ಮಣ್ಣು ಕೊಡವದ ಕರಿಕೆ

ಹರಿಹರ
೧೫-೧-೧೯೬೧

ಕೊಟ್ರಕ್ಕನಿಗೆ,

ನಾನು ಪೂನಾದಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ಹರಿಹರದಲ್ಲಿದ್ದೇನೆ.

ಒಂದು ವರ್ಷದ ಮೇಲಾಯಿತು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು. ದಾವಣಗೆರೆಯಲ್ಲಿ ಪೂನಾ ಗಾಡಿ ಹತ್ತಿದ್ದು ನಿಜ. ಅದನ್ನು ನಮ್ಮೂರಿನವರು ಯಾರೋ ನೋಡಿ ಬಂದು ನಿಮಗೆ ಹೇಳಿದರಂತೆ, ಅದೂ ನಿಜ. ಟಿಕೆಟ್ಟನ್ನೂ ಪೂನಾಕ್ಕೇ ತೆಗೆಸಿದ್ದೆ. ಗಾಡಿ ಹರಿಹರದಲ್ಲಿ ನಿಂತಿತು. ಇನ್ನು ಸ್ವಲ್ಪ ಮುಂದೆ ಹೋದರೆ ಹೊಳೆ, ಅದನ್ನು ದಾಟಿದರೆ ಆಚೆ ಬೇರೆಯದೇ ನೆಲ ಅನಿಸಿತು. ಇಳಿದುಬಿಟ್ಟೆ. ಅಪ್ಪನ ಎದುರು ಅಷ್ಟೊಂದು ಮಾತಾಡಿ ಬಂದವನು ಹೋದದ್ದು ಇಷ್ಟೇ ದೂರ. ನಿಮಗೆ ಸುಳ್ಳು ಬರೆಯಲು ನನ್ನಿಂದ ಆಗುತ್ತಿರಲಿಲ್ಲ, ನಿಜ ಬರೆಯಲು ನಾಚಿಕೆ. ಅದಕ್ಕೆ ಏನನ್ನೂ ಬರೆಯಲಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿನ್ನೆ ಅಪ್ಪನನ್ನು ನೋಡಿದೆ. ಸಂಕ್ರಾಂತಿಯ ಸ್ನಾನಕ್ಕೆ ಹೊಳೆಗೆ ಬಂದಿದ್ದ. ನಾನು ಮೇಲಿನ ದಂಡೆಯಲ್ಲಿ ಕರಿಕೆ ಹುಲ್ಲು ಕೊರೆಯುತ್ತಿದ್ದೆ. ಮೊದಲು ಬೆನ್ನು ನೋಡಿದೆ, ಆಮೇಲೆ ಧೋತ್ರ ಹಿಂಡುವ ರೀತಿ ನೋಡಿದೆ. ನಾಲ್ಕು ಮಡಿಕೆ ಮಾಡಿ, ಒಂದು ತುದಿಯನ್ನು ಕಾಲಡಿ ಒತ್ತಿ ಹಿಂಡುವವರು ಈ ಸೀಮೆಯಲ್ಲಿ ಇನ್ಯಾರಿದ್ದಾರೆ? ಮೇಲೆ ಹತ್ತಿ ಬರುವಾಗ ನಾವು ಕೊರೆದಿದ್ದ ಜಾಗ ನೋಡಿ ನಿಂತ. ‘ಯಾವನಲೇ ಇಲ್ಲಿ ಮಣ್ಣು ಕದ್ದೋನು’ ಎಂದು ಯಾರಿಗೂ ಅಲ್ಲದೆ ಜೋರಾಗಿ ಕೇಳಿದ. ನಾನು ಜಾಲಿ ಗಿಡದ ಹಿಂದೆ ಕೂತಿದ್ದೆ. ಕರೆಯಲಿಲ್ಲ. ಅವನು ಹೋದ ಮೇಲೆ ಅವನ ಒದ್ದೆ ಹೆಜ್ಜೆಗಳು ಕಲ್ಲಿನ ಮೇಲಿದ್ದವು. ಒಣಗುವ ತನಕ ಅಲ್ಲೇ ಇದ್ದೆ.

ಕೆಲಸ ಏನೆಂದು ಕೇಳುತ್ತೀ. ಮೌಲಾ ಸಾಬ್ ಅಂತ ಇದ್ದಾರೆ, ಕಾರ್ಖಾನೆಯ ಬಂಗಲೆಗಳಿಗೆ ತೋಟ ಮಾಡಿಕೊಡುವವರು. ಬಂಗಲೆಯ ಮುಂದೆ ಹುಲ್ಲು ಹಾಸುತ್ತಾರೆ, ಅದಕ್ಕೆ ಲಾನು ಅನ್ನುತ್ತಾರೆ. ದಂಡೆಯಲ್ಲಿ ಒತ್ತಾಗಿ ಬೆಳೆದ ಕರಿಕೆಯನ್ನು ಒಂದು ಅಡಿ ಚೌಕಕ್ಕೆ ಗೆರೆ ಕೊಯ್ದು, ಎರಡು ಬೆರಳು ಮಣ್ಣಿನ ಸಮೇತ ಸಲಿಕೆಯಿಂದ ಎಬ್ಬಿಸುತ್ತೇವೆ, ಹಂಚಿನಿಂದ ರೊಟ್ಟಿ ಎಬ್ಬಿಸಿದ ಹಾಗೆ. ಆ ಚೌಕಗಳನ್ನು ಹದ ಮಾಡಿದ ನೆಲದ ಮೇಲೆ ಒಂದಕ್ಕೊಂದು ಒತ್ತಿ ಜೋಡಿಸಿ, ಕಲ್ಲು ಉರುಳಿಸಿ, ನೀರು ಬಿಟ್ಟರೆ ಆಯಿತು. ಓದಲ್ಲ, ಹೊಲಕ್ಕೂ ಬರಲ್ಲ ಅಂದ ದಿನ ಅಪ್ಪ ನನಗೆ ಏನಂದ, ನೆನಪಿದೆಯಾ? ‘ಹಂಗಾದ್ರೆ ಕರಿಕೆ ಕಿತ್ಕೊಂಡು ತಿನ್ನು.’ ಅದನ್ನೇ ಮಾಡುತ್ತಿದ್ದೇನೆ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಕೋ ಬೇಡವೋ, ನಿನಗೆ ಬಿಟ್ಟಿದ್ದೇನೆ.

ನಿನ್ನ ತಮ್ಮ
ರೇವಣ್ಣ

*

ಲೋಕಿಕೆರೆ
೨೯-೧-೧೯೬೧

ರೇವಣ್ಣಗೆ,

ನಿನ್ನ ಕಾಗದ ಬಂದ ಮೇಲೆ ಮೊದಲು ಸಿಟ್ಟಿಗೆ ಬರೆಯಲಿಲ್ಲ. ಸಿಟ್ಟು ಇಳಿದ ಮೇಲೆ ಶಾಯಿ ಇರಲಿಲ್ಲ. ಮೇಷ್ಟ್ರ ಮನೆಯಿಂದ ತಂದು ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಯ ಬರವಣಿಗೆ, ನಗಬೇಡ.

ಮುಂಬಯಿ ಕಡೆಯಿಂದ ಯಾರು ಬಂದರೂ ಓಡಿ ಹೋಗಿ, ಅಲ್ಲಿ ಮಳೆ ಹೆಂಗೈತೆ, ಚಳಿ ಹೆಂಗೈತೆ ಎಂದು ಕೇಳುತ್ತಿದ್ದೆ. ಎಲ್ಲರೂ ನನ್ನನ್ನು ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ನಮಗೆ ಬಂದ ಮಳೆಯೇ ನಿನಗೂ ಬಂದಿತ್ತು, ನಮಗೆ ಆದ ಚಳಿಯೇ ನಿನಗೂ ಆಗಿತ್ತು. ಅದೊಂದು ಗೊತ್ತಿದ್ದರೆ ನಾನು ಇನ್ನಷ್ಟು ನಿದ್ದೆ ಮಾಡುತ್ತಿದ್ದೆ.

ಅಪ್ಪನಿಗೆ ಓದಿ ಹೇಳಿದೆ. ನಿನ್ನ ಭಾವನೂ ಅಲ್ಲೇ ಇದ್ದರು. ಅಪ್ಪ ರೊಟ್ಟಿ ಮುರಿಯುತ್ತಾ ಪೂರ್ತಿ ಕೇಳಿದ. ಕೊನೆಗೆ ಅಂದ ಮಾತು ಇಷ್ಟೇ: ‘ಹೊಳೆ ದಂಡ್ಯಾಗೆ ಮಣ್ಣು ಕದ್ದೋನು ಅವನೇನಾ?’

‘ಜಾಲಿ ಗಿಡದ ಹಿಂದೆ ಇದ್ದನಂತೆ ಕಣಪ್ಪ, ನಿನ್ನ ನೋಡಿದನಂತೆ’ ಅಂದೆ.

‘ನನ್ನ ಕಣ್ಣೇನು ಹೋಗಿಲ್ಲ. ಗಿಡದ ಹಿಂದೆ ಯಾರೋ ಕುಂತಿದ್ರು. ದನ ಕಾಯೋರು ಅಂದ್ಕಂಡೆ’ ಅಂದ. ಎದ್ದು ಕೈ ತೊಳೆದ. ಆಮೇಲೆ ಆ ಮಾತು ಎತ್ತಿಲ್ಲ. ಬಾ ಅಂತಲೂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ನಾನು ಕೇಳಿದರೆ ಎತ್ತಿನ ಮಾತು ತೆಗೆಯುತ್ತಾನೆ.

ಅವ್ವ ಹೋದ ಮೇಲೆ ನಿಮ್ಮಿಬ್ಬರ ನಡುವೆ ಮಾತು ಹೊತ್ತು ತಿರುಗುವುದೇ ನನ್ನ ಕೆಲಸವಾಯಿತು. ನಿನ್ನ ಊಟ ಹೆಂಗೆ, ಯಾರು ಮಾಡುತ್ತಾರೆ, ಬರೆ.

ಕೊಟ್ರವ್ವ

*

ಹರಿಹರ
೫-೨-೧೯೬೧

ಅಕ್ಕನಿಗೆ,

ಊಟ ಮೌಲಾ ಸಾಬರ ಮನೆಯಲ್ಲಿ. ಅವರ ಮಗಳು ಸಿದ್ದೀಕಾ ನನಗೆಂದು ಬೇರೆ ಒಲೆಯಲ್ಲಿ ಅನ್ನ ಸಾರು ಮಾಡುತ್ತಾಳೆ, ನಾನು ಕೇಳದೆಯೇ. ಚೆನ್ನಾಗಿರುತ್ತದೆ. ಆದರೆ ಜೋಳದ ರೊಟ್ಟಿ ಬಡಿಯುವ ಸದ್ದು ಈ ಓಣಿಯಲ್ಲಿ ಇಲ್ಲ. ಬೆಳಗ್ಗೆ ಎಚ್ಚರವಾದಾಗ ಮೊದಲು ಹುಡುಕುವುದು ಆ ಸದ್ದನ್ನು.

ಈಗ ದಾವಣಗೆರೆಯಲ್ಲಿ ಒಂದು ಕೆಲಸ ಬಂದಿದೆ. ಪಿ.ಜೆ. ಬಡಾವಣೆಯಲ್ಲಿ ವಾಮದೇವಪ್ಪ ಅಂತ, ಮಂಡಿ ಸಾಹುಕಾರರು, ಹೊಸ ಮನೆ ಕಟ್ಟಿಸಿದ್ದಾರೆ. ಬೆಂಗಳೂರಿಗೆ ಹೋಗಿ ಲಾನು ನೋಡಿಕೊಂಡು ಬಂದಿದ್ದಾರೆ. ಯುಗಾದಿಗೆ ಬೀಗರು ಬರುತ್ತಾರೆ, ಅಷ್ಟರಲ್ಲಿ ಮನೆ ಮುಂದೆ ಹಸಿರು ಹಾಸಿರಬೇಕು. ಅಂದಾಜು ಮಾಡಲು ಮೌಲಾ ಸಾಬರು ನನ್ನನ್ನೂ ಕರೆದುಕೊಂಡು ಹೋದರು. ನಾನು ಹಗ್ಗ ಹಿಡಿದು ಅಳೆಯುತ್ತಿದ್ದರೆ ಸಾಹುಕಾರರ ಹೆಂಡತಿ ಶಕುಂತಲಮ್ಮ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು.

‘ಹಸ ಕಟ್ಟಾಕಾದ್ರೂ ಬರ್ತದೇನ್ರಿ ಇದ್ರಾಗೆ?’

‘ಇಲ್ರವ್ವಾ, ಕೂಡ್ರಾಕೆ’ ಅಂದೆ.

‘ಕೂಡ್ರಾಕೆ ಇಷ್ಟಗಲ ಜಗಲಿ ಕಟ್ಟಿಸ್ಯಾರೆ. ಹುಲ್ಲಿನ ಮ್ಯಾಲೆ ಯಾಕ ಕೂಡ್ರಬೇಕು? ನಾನು ಹಪ್ಪಳ ಎಲ್ಲಿ ಒಣಗಿಸ್ಲಿ?’

ಮೌಲಾ ಸಾಬರು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಅಗಲ ಅಳೆದರು. ಜಾಗ ಹದಿನೈದು ಅಡಿ ಉದ್ದ, ಹತ್ತಡಿ ಅಗಲ. ನೂರೈವತ್ತು ಚೌಕ, ದಾರಿಯಲ್ಲಿ ಒಡೆಯುವುದಕ್ಕೆ ಹತ್ತು ಹೆಚ್ಚಿಗೆ ಅಂತ ಹೇಳಿದೆ. ಸಾಹುಕಾರರು ಬೇವಿನ ಮರದ ಬುಡಕ್ಕೂ ಹಾಸಿ ಅಂದರು. ಅಲ್ಲಿ ನೆರಳು, ಹುಲ್ಲು ಉಳಿಯಲ್ಲ, ಒಂದು ತಿಂಗಳಿಗೆ ಬೋಳಾಗುತ್ತದೆ ಅಂದೆ. ಮೌಲಾ ಸಾಬರು ನನ್ನ ಪಕ್ಕೆಗೆ ಚಿವುಟಿದರು. ಹೊರಗೆ ಬಂದ ಮೇಲೆ ‘ಬೇಟಾ, ನಿನ್ನ ಬಾಯಿಗೆ ಒಂದು ಬಾಗಿಲು ಇಡಿಸ್ತೀನಿ’ ಅಂದರು. ಆದರೂ ಕೆಲಸ ನಮಗೇ ಆಯಿತು.

ತೊಂದರೆ ಏನೆಂದರೆ, ಹೊಳೆ ದಂಡೆ ಕುಸಿಯುತ್ತದೆ ಎಂದು ಹರಿಹರದಲ್ಲಿ ಕರಿಕೆ ಕೊರೆಯಬಾರದು ಅಂತ ತಡೆದಿದ್ದಾರೆ. ಬೇರೆ ಕಡೆ ಹುಡುಕಬೇಕು. ನಮ್ಮ ಹೊಲದಲ್ಲಿ ಬಾವಿಯ ಕಾಲುವೆಗುಂಟ ಕರಿಕೆ ಬೇಸಿಗೆಯಲ್ಲೂ ಹಸಿರಾಗಿರುತ್ತದಲ್ಲ, ಅದನ್ನು ಕೊಡುತ್ತಾನಾ ಎಂದು ಅಪ್ಪನನ್ನು ಕೇಳು. ಮಣ್ಣಿನ ಸಮೇತ ಬೇಕು, ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಎರಡು ಬೆರಳು. ಗಾಡಿ ಬಾಡಿಗೆ ನಾವು ಕೊಡುತ್ತೇವೆ.

ನಿನ್ನ ಹತ್ತಿರ ಮುಚ್ಚುವುದಿಲ್ಲ. ಕರಿಕೆ ದಾವಣಗೆರೆ ಸುತ್ತಲೂ ಸಿಗುತ್ತದೆ, ಯಾವ ಕೆರೆ ಏರಿಯ ಹಿಂದೆ ಹೋದರೂ ಸಿಗುತ್ತದೆ. ನನಗೆ ನಮ್ಮ ಹೊಲದ್ದು ಬೇಕು. ಕರಿಕೆ ಕೊಡುತ್ತೇನೆ ಅಂತ ಅಪ್ಪ ಅಂದರೆ, ಅದನ್ನು ಬಾ ಅಂದ ಹಾಗೆ ಅಂದುಕೊಳ್ಳುತ್ತೇನೆ.

ರೇವಣ್ಣ

*

ಲೋಕಿಕೆರೆ
೧೮-೨-೧೯೬೧

ರೇವಣ್ಣಗೆ,

ಇದನ್ನು ನಿನ್ನ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದದ ಜೊತೆ ಗಾಡಿ ತುಂಬ ಕರಿಕೆ ಬರುತ್ತದೆ, ನೋಡು!

ಮೊದಲು ಕೇಳಿದಾಗ ಅಪ್ಪ ನಕ್ಕುಬಿಟ್ಟ. ‘ನಮ್ಮಪ್ಪ ಕರಿಕೆ ಅಗೆದೂ ಅಗೆದೂ ಸೊಂಟ ಮುರ್ಕಂಡ. ನಾನೂ ಅದನ್ನೇ ಮಾಡಿದೆ. ಅದನ್ನ ತಂದು ಮನೆ ಮುಂದೆ ನೆಡ್ತಾರಂತೆ. ಲಿಂಗಣ್ಣ, ಕೇಳಿದ್ಯಾ, ನೀರೂ ಹಾಕ್ತಾರಂತೆ.’ ನಿನ್ನ ಭಾವ ಅಂದರು, ‘ಹೋಗ್ಲಿ ಬಿಡು ಮಾವ, ಕಳೆ ಹೋದಂಗೂ ಆತು, ಮಗನಿಗೆ ಕೊಟ್ಟಂಗೂ ಆತು.’ ಅಪ್ಪನ ನಗು ಅಲ್ಲಿಗೆ ನಿಂತಿತು.

ಶಿವರಾತ್ರಿಯ ಮರುದಿನ ಗುದ್ದಲಿ ತೆಗೆದುಕೊಂಡು ಒಬ್ಬನೇ ಹೋದ. ಯಾರನ್ನೂ ಜೊತೆಗೆ ಕರೆಯಲಿಲ್ಲ. ನಿನ್ನೆ ತಂದು ಗಾಡಿಗೆ ಹೇರಿ, ಮೇಲೆ ಗೋಣಿ ಹೊದಿಸಿ, ಹಗ್ಗ ಬಿಗಿದಿದ್ದಾನೆ. ನನಗೆ ಮುಟ್ಟಲೂ ಬಿಟ್ಟಿಲ್ಲ. ಬಾ ಅಂತ ಹೇಳಿದ್ದಾನೆ ಅಂದುಕೋ.

ರೊಟ್ಟಿ ಕಟ್ಟಿದ್ದೇನೆ, ಗುರೆಳ್ಳು ಚಟ್ನಿಪುಡಿ ಇದೆ.

ಕೊಟ್ರವ್ವ

*

ದಾವಣಗೆರೆ
೨೧-೨-೧೯೬೧

ಅಪ್ಪನಿಗೆ,

ಶಾಲೆಯಲ್ಲಿ ಕಲಿಸಿದ ಹಾಗೆ ತೀರ್ಥರೂಪು ಅಂತ ಶುರು ಮಾಡಿ ಒಂದು ಹಾಳೆ ಹರಿದೆ. ಎದುರಿಗೆ ನಿಂತರೆ ಹೇಗೆ ಮಾತಾಡುತ್ತೇನೋ ಹಾಗೇ ಬರೆಯುತ್ತೇನೆ. ಅಕ್ಕ ಓದುತ್ತಾಳೆ.

ನೀನು ಕಳಿಸಿದ ಕರಿಕೆ ಕೆಲಸಕ್ಕೆ ಬರಲಿಲ್ಲ.

ಇದನ್ನು ನಿನಗೆ ಹೇಳಬೇಡ ಅಂತ ಭಾವ ನನ್ನ ಕೈ ಹಿಡಿದು ಹೇಳಿ ಹೋದರು. ಚೆನ್ನಾಗಿತ್ತು ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆಮೇಲೆ ನಿನ್ನ ಮುಖ ನೋಡುವುದು ನನಗೆ ಇನ್ನೂ ಕಷ್ಟವಾಗುತ್ತದೆ.

ಗೋಣಿ ತೆಗೆದಾಗ ಬರೀ ಬೇರು ಇತ್ತು. ನೀನು ಮೇವಿನ ಹಾಗೆ ಹೊರೆ ಕಟ್ಟಿದ್ದೆ. ಒಂದು ಬೇರಿನಲ್ಲೂ ಚಿಟಿಕೆ ಮಣ್ಣಿರಲಿಲ್ಲ. ಮೌಲಾ ಸಾಬರು ಒಂದು ಹೊರೆ ಕೈಗೆತ್ತಿಕೊಂಡು, ‘ನಿಮ್ಮಪ್ಪ ಹುಲ್ಲು ಕಳಿಸ್ಯಾರೆ, ನೆಲ ಕಳಿಸಿಲ್ಲ’ ಅಂದರು. ಶಕುಂತಲಮ್ಮ ಅರ್ಧ ಹೊರೆಯನ್ನು ಹಸುವಿಗೆ ಹಾಕಿಸಿದರು. ಹಸು ಸಂತೋಷದಿಂದ ತಿಂದಿತು.

ನನಗೆ ಗೊತ್ತು, ಅದು ನಿನ್ನ ಕೈಯ ರೂಢಿ. ಗುದ್ದಲಿ ಹಾಕಿ ಎಬ್ಬಿಸು, ನೆಲಕ್ಕೆ ಬಡಿ, ಮಣ್ಣು ಕೊಡವು, ಬೇರು ಮೇಲೆ ಮಾಡಿ ಬಿಸಿಲಿಗೆ ಎಸೆ. ನನಗೂ ಚಿಕ್ಕಂದಿನಲ್ಲಿ ಹಾಗೇ ಕಲಿಸಿದ್ದೀ. ಕರಿಕೆ ಸಾಯಬೇಕು ಅಂತ ಹೊಲದಲ್ಲಿ ಮಾಡುವ ಕೆಲಸ ಅದು. ಇಲ್ಲಿ ಅದು ಬದುಕಬೇಕು. ಬೇರು ನೆಟ್ಟರೂ ಬರುತ್ತದೆ, ಆದರೆ ಯುಗಾದಿಯೊಳಗೆ ನೆಲ ಮುಚ್ಚುವುದಿಲ್ಲ. ಮುಚ್ಚುವುದಿಲ್ಲ ಅಂತ ವಾಮದೇವಪ್ಪನವರಿಗೂ ಹೇಳಿದ್ದೇನೆ, ಬೇಕಾದರೆ ಬೇರೆಯವರನ್ನು ನೋಡಿ ಅಂದಿದ್ದೇನೆ. ಇನ್ನೂ ಸ್ವಲ್ಪ ದಿನ ನೋಡೋಣ ಅಂದಿದ್ದಾರೆ.

ತಪ್ಪು ನಿನ್ನದಲ್ಲ. ನಾನೇ ಬಂದು ಕೊರೆದುಕೊಳ್ಳಬೇಕಿತ್ತು. ಹೊಲದ ಬದುವಿನ ಮೇಲೆ ನಿಂತು ನಿನ್ನನ್ನು ಕೇಳುವ ಧೈರ್ಯ ಬರಲಿಲ್ಲ, ಕಾಗದದಲ್ಲಿ ಕೇಳಿದೆ. ಕೆರೆ ಏರಿಯ ಹಿಂದಿನ ಕರಿಕೆ ತರುತ್ತೇವೆ, ನೀನು ಮತ್ತೆ ತೊಂದರೆ ತೆಗೆದುಕೊಳ್ಳಬೇಡ.

ಹಸುವಿನ ಬಾಯಿಂದ ತಪ್ಪಿದ ಒಂದು ಹಿಡಿಯನ್ನು ಹರಿಹರಕ್ಕೆ ಒಯ್ದು, ಮೌಲಾ ಸಾಬರ ಬಾಗಿಲಲ್ಲಿ ಒಂದು ಒಡಕು ಗಡಿಗೆಯಲ್ಲಿ ಊರಿದ್ದೇನೆ. ದಿನಾ ನೀರು ಹಾಕುತ್ತೇನೆ.

ರೇವಣ್ಣ

*

ಲೋಕಿಕೆರೆ
೨-೩-೧೯೬೧

ರೇವಣ್ಣಗೆ,

ಓದುವಾಗ, ಕರಿಕೆ ಕೆಲಸಕ್ಕೆ ಬರಲಿಲ್ಲ ಅನ್ನುವ ಆ ಒಂದು ಸಾಲು ಬಿಟ್ಟು ಮುಂದಕ್ಕೆ ಹೋಗೋಣ ಅಂದುಕೊಂಡೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಆಗಲಿಲ್ಲ. ಪೂರ್ತಿ ಓದಿದೆ.

‘ರೂಢಿ ಅಲ್ಲ’ ಅಂದ.

‘ಮತ್ತೆ?’

‘ನೀನು ಓದಿದ್ದು ನನಗೆ ಕೇಳಿಸಿತ್ತು. ಎರಡು ಬೆರಳು ಮಣ್ಣು ಅಂತ. ಕರಿಕೆ ಕೇಳ್ದ, ಕೊಟ್ಟೆ. ಮಣ್ಣು ಕೊಡಾಕೆ ಅದೇನು ನಾನು ಮಾಡಿದ್ದಾ? ನಮ್ಮಪ್ಪ ಕೆರೆ ಹೂಳಿನ ಗೋಡು ಹೊತ್ತೂ ಹೊತ್ತೂ ಮಾಡಿದ ಮಣ್ಣು. ಸಾಹುಕಾರನ ಅಂಗಳಕ್ಕೆ ಯಾಕ ಹಾಕ್ಲಿ?’

‘ಸಾಹುಕಾರನಿಗಲ್ಲ ಕಣಪ್ಪ, ರೇವಣ್ಣಗೆ’ ಅಂದೆ.

ಆ ಸಾಲನ್ನು ಇನ್ನೊಂದು ಸಲ ಓದು ಅಂದ. ಯಾವ ಸಾಲು ಅಂದೆ. ಗಡಿಗೆಯದು, ಅಂದ. ಓದಿದೆ.

ಮಾರನೆಯ ದಿನ ಬುತ್ತಿ ಒಯ್ದಾಗ ನೋಡುತ್ತೇನೆ, ಬಾವಿಯ ಕಟ್ಟೆಯ ಮೇಲೆ ಒಂದೇ ಒಂದು ಚೌಕ ಕೊರೆದು ಇಟ್ಟಿದ್ದಾನೆ. ಮಣ್ಣಿನ ಸಮೇತ. ಎದುರಿಗೆ ಕೂತು ಅದನ್ನೇ ನೋಡುತ್ತಿದ್ದಾನೆ. ನನ್ನನ್ನು ಕಂಡು, ‘ಅವನಿಗೆ ಎಷ್ಟು ಬೇಕಂತೆ?’ ಅಂದ. ನೂರೈವತ್ತು, ಮೇಲೆ ಹತ್ತು, ಅಂದೆ. ಕೊಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಕೆರೆ ಏರಿಯ ಹಿಂದಿನದನ್ನು ಈಗಲೇ ತರಬೇಡ. ಸ್ವಲ್ಪ ತಡೆ.

ಕೊಟ್ರವ್ವ

*

ದಾವಣಗೆರೆ
೧೨-೩-೧೯೬೧

ಅಕ್ಕನಿಗೆ,

ಈ ಕಾಗದವನ್ನು ತರುವವನು ಅಪ್ಪನೇ. ಅವನಿಗೆ ಓದಲು ಬರುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆದು ಅವನ ಕೈಗೇ ಕೊಡುತ್ತಿದ್ದೇನೆ. ಅವನು ಊಟ ಮಾಡಿದ ಮೇಲೆ ಓದಿ ಹೇಳು.

ಬೆಳಗ್ಗೆ ನಾನು ನೆಲಕ್ಕೆ ನೀರು ಚಿಮುಕಿಸುತ್ತಿದ್ದಾಗ ಗೇಟಿನ ಹತ್ತಿರ ನಮ್ಮ ಎತ್ತಿನ ಗೆಜ್ಜೆ ಕೇಳಿಸಿತು. ತಲೆ ಎತ್ತಲಿಲ್ಲ. ಬೇರೆ ಗಾಡಿ ಆಗಿದ್ದರೆ ಅಂತ ಭಯ. ಆಮೇಲೆ ‘ಹೋ’ ಅಂದ ದನಿ ಕೇಳಿತು. ಒಬ್ಬನೇ ಬಂದಿದ್ದ. ಒದ್ದೆ ಗೋಣಿಯ ಕೆಳಗೆ ಚೌಕಗಳನ್ನು ಹುಲ್ಲಿಗೆ ಹುಲ್ಲು, ಮಣ್ಣಿಗೆ ಮಣ್ಣು ಮುಖ ಮಾಡಿ ಪೇರಿಸಿದ್ದ. ಹಾಗೆ ಪೇರಿಸು ಅಂತ ನಾನು ಬರೆದಿರಲಿಲ್ಲ. ಕೇಳಿದ್ದಕ್ಕೆ, ‘ನಿಮ್ಮವ್ವ ರೊಟ್ಟಿ ಪೇರಿಸ್ತಿದ್ದಂಗೆ ಪೇರಿಸ್ದೆ’ ಅಂದ. ನನ್ನ ಜೊತೆ ಅವನು ಆಡಿದ ಮೊದಲ ಮಾತು ಅದು. ಮುಖ ನೋಡಲಿಲ್ಲ, ಕೈ ನೋಡಿದ. ಅಂಗೈ ಹಿಡಿದು ತಿರುಗಿಸಿ, ಗುಳ್ಳೆ ಒಡೆದು ಗಟ್ಟಿಯಾದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟ.

ವಾಮದೇವಪ್ಪನವರು ಜಗಲಿಗೆ ಬಂದು, ಅಪ್ಪನ ಹೆಸರು ಕೇಳಿಕೊಂಡು, ‘ಏನ್ರಿ ಹನುಮಂತಪ್ಪ, ಹೊಲಾನೇ ಹೇರ್ಕಂಡು ಬಂದೀರಲ್ರಿ’ ಅಂದರು. ‘ಹೂನ್ರಿ. ಇನ್ಮ್ಯಾಲೆ ಕಂದಾಯ ನೀವೇ ಕಟ್ರಿ’ ಅಂದ ಅಪ್ಪ. ಶಕುಂತಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನಾನೂ ಮೌಲಾ ಸಾಬರೂ ಜೋಡಿಸುತ್ತಾ ಹೋದೆವು. ಅಪ್ಪ ಗಾಡಿಯಿಂದ ಒಂದೊಂದೇ ಎತ್ತಿ ತಂದುಕೊಟ್ಟ, ಕೂಸನ್ನು ಎತ್ತಿದ ಹಾಗೆ ಎರಡೂ ಕೈ ಕೆಳಗೆ ಕೊಟ್ಟು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ, ಕುಕ್ಕರುಗಾಲಲ್ಲಿ ಕೂತು, ಜೋಡಿಸಿದ ಚೌಕಗಳಿಂದ ಹೊರಗೆ ಚಾಚಿದ ಕುಡಿಗಳನ್ನು ಕಿತ್ತು ಕಿತ್ತು ಪಕ್ಕಕ್ಕೆ ಹಾಕುತ್ತಿದ್ದಾನೆ.

‘ಅಪ್ಪಾ, ಅದು ಇರಬೇಕು. ಅದೇ ಹಬ್ಬೋದು.’

ಕೈ ತೆಗೆದ. ಎರಡು ನಿಮಿಷಕ್ಕೆ ಮತ್ತೆ ಅದೇ.

‘ಅಪ್ಪಾ.’

‘ಕೈ ಕೇಳಂಗಿಲ್ಲ ಕಣಪ್ಪ’ ಅಂದು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತ. ಮೌಲಾ ಸಾಬರು ಬೀಡಿ ಕೊಟ್ಟು ಆ ಕೈಗಳಿಗೆ ಬೇರೆ ಕೆಲಸ ಮಾಡಿದರು.

ಕೊನೆಗೆ ನನ್ನ ಅಂದಾಜು ತಪ್ಪಿತು. ಹೊಳೆ ದಂಡೆಯ ಮಣ್ಣಿನ ಲೆಕ್ಕದಲ್ಲಿ ಹೇಳಿದ್ದೆ. ನಮ್ಮದು ಎರೆ ಮಣ್ಣು, ದಾರಿಯಲ್ಲಿ ಬರುತ್ತಾ ಅಂಚು ಆರಿ ಪ್ರತಿ ಚೌಕವೂ ಚೂರು ಚೂರು ಕುಗ್ಗಿತ್ತು. ಹೆಚ್ಚಿಗೆ ಹೇಳಿದ್ದ ಹತ್ತೂ ಮುಗಿದು, ಗೋಡೆಯ ಕಡೆ ಒಂದು ಗೇಣು ಜಾಗ ಬರಿದಾಗಿ ಉಳಿಯಿತು. ತಪ್ಪು ನನ್ನದು ಅಂತ ಸಾಹುಕಾರರಿಗೆ ಹೇಳಿದೆ. ಅವರು ಏನೋ ಅನ್ನುವಷ್ಟರಲ್ಲಿ ಅಪ್ಪ ಗಾಡಿಯ ಹತ್ತಿರ ಹೋದ.

ಅಕ್ಕಾ, ಗಾಡಿಯ ಹಲಗೆಯ ಮೇಲೆ ಉದುರಿದ್ದ ಮಣ್ಣನ್ನು ಅವನು ಆಗಲೇ ಗುಡಿಸಿ, ಹೆಗಲ ವಲ್ಲಿಯಲ್ಲಿ ಗಂಟು ಕಟ್ಟಿ, ನೊಗದ ಹತ್ತಿರ ಇಟ್ಟಿದ್ದ. ವಾಪಸು ಹೊಲಕ್ಕೆ ಹಾಕಲು. ಅದನ್ನು ನಾನು ನೋಡಿದ್ದೆ, ಕೇಳಿರಲಿಲ್ಲ. ಆ ಗಂಟನ್ನು ತಂದು ಗೋಡೆಯ ಬದಿಯಲ್ಲಿ ಬಿಚ್ಚಿ ಸುರಿದ. ಕೈಯಿಂದ ಸಮ ಮಾಡಿದ. ತಾನೇ ಕಿತ್ತು ಹಾಕಿದ್ದ ಕುಡಿಗಳನ್ನು ಆರಿಸಿ ತಂದು ಒಂದೊಂದಾಗಿ ಅದರಲ್ಲಿ ಊರಿದ. ‘ಸಾಯಂಗಿಲ್ಲ ಇದು. ನಾನು ನೋಡೀನಿ’ ಅಂದ. ಆಮೇಲೆ ವಲ್ಲಿಯನ್ನು ಕೊಡವದೆ ಹಾಗೇ ಹೆಗಲ ಮೇಲೆ ಹಾಕಿಕೊಂಡ.

ಕಲ್ಲು ಉರುಳಿಸಿ ನೀರು ಬಿಟ್ಟೆವು. ನಮ್ಮ ಮಣ್ಣು ಒದ್ದೆಯಾದಾಗ ಬರುವ ವಾಸನೆ ಆ ಅಂಗಳದಲ್ಲಿ ಎದ್ದಿತು. ಅಪ್ಪನೂ ನಾನೂ ಒಬ್ಬರನ್ನೊಬ್ಬರು ನೋಡದೆ ನಿಂತೆವು. ಮೌಲಾ ಸಾಬರು ಯಾಕೋ ಗೇಟಿನ ಆಚೆ ಹೋದರು.

‘ಬಾವಿ ಕಡೆ ಗುಂಡಿ ಬಿದ್ದಾವೆ’ ಅಂದ ಅಪ್ಪ.

ನಾನು ಹೂಂ ಅಂದೆ.

‘ಮುಂಗಾರಿಗೆ ಮುಂಚೆ ಕೆರೆ ಗೋಡು ಹೊಡೀಬೇಕು. ಲಿಂಗಣ್ಣ ಒಬ್ಬನ ಕೈಲಿ ಆಗಂಗಿಲ್ಲ.’

ಅಷ್ಟೇ ಅಂದಿದ್ದು. ಪೂನಾ ಅನ್ನಲಿಲ್ಲ, ಹರಿಹರ ಅನ್ನಲಿಲ್ಲ, ಶಾಲೆ ಅನ್ನಲಿಲ್ಲ.

ಈಗ ನೀನು ಅವನಿಗೆ ಓದಿ ಹೇಳಬೇಕಾದ ಮಾತು. ಗುಂಡಿ ತುಂಬುತ್ತೇನೆ. ನೂರೈವತ್ತೂ, ಮೇಲಿನ ಹತ್ತೂ. ತುಂಬಿದ ಮೇಲೆ ಊರಲ್ಲಿ ನಿಲ್ಲುತ್ತೇನೋ ಇಲ್ಲವೋ ನನಗೇ ತಿಳಿಯದು. ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಅದು ಅವನಿಗೂ ಗೊತ್ತು. ನಿಲ್ಲುತ್ತೇನೆ ಅಂತ ಸುಳ್ಳು ಹೇಳಿ ಗೋಡಿನ ಬುಟ್ಟಿ ಹಿಡಿಯಲಾರೆ. ಹೋಗುವುದಾದರೆ ಈ ಸಲ ಊರ ಹೆಸರು ಹೇಳಿಯೇ ಹೋಗುತ್ತೇನೆ. ಇದನ್ನು ಇಲ್ಲೇ ಅವನೆದುರು ಹೇಳಲು ನೋಡಿದೆ, ಅವನು ಎತ್ತಿಗೆ ನೀರು ಕುಡಿಸುತ್ತಿದ್ದ, ನಾನು ಕಾಗದ ಬರೆಯಲು ಕೂತೆ.

ನನ್ನ ಟ್ರಂಕು ಹರಿಹರದಲ್ಲಿದೆ. ಈಗ ಹೋಗಿ ತರಬೇಕು, ಸಿದ್ದೀಕಾಗೂ ಹೇಳಿ ಬರಬೇಕು. ಗಡಿಗೆಯಲ್ಲಿ ಊರಿದ ಕರಿಕೆ ಎರಡು ಎಲೆ ಬಿಟ್ಟಿದೆ. ಅದನ್ನು ಅವರ ಬಾಗಿಲಲ್ಲೇ ಬಿಡುತ್ತೇನೆ.

ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಡುತ್ತೇನೆ.

ರೇವಣ್ಣ